ಅಕ್ವೇರಿಯಂ ನೀರಿನ ಕಂಡಿಷನರ್

ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಗೆ ಹೊಸ ನೀರು ಹಾಕುವಾಗ, ಆ ನೀರಿನಲ್ಲಿರುವ ಕೆಲವು ವಿಷಪದಾರ್ಥಗಳು ಮೀನಿಗೆ ತಟ್ಟದಂತೆ ಮಾರ್ಪಡಿಸಲು ಬೆರೆಸುವ ದ್ರಾವಣ ಅಥವಾ ಪುಡಿ. ವಾಟರ್ ಕಂಡಿಷನರ್, ಡಿಕ್ಲೋರಿನೇಟರ್ ಎಂಬ ಹೆಸರುಗಳಲ್ಲಿ ಮಾರಾಟವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಆ್ಯಂಟಿ-ಕ್ಲೋರಿನ್ ಎಂದು ಕೇಳಿ ಕೊಳ್ಳುವವರೇ ಹೆಚ್ಚು. ನಲ್ಲಿನೀರಿನ ಕ್ಲೋರಿನ್ ಕಳೆಯುವುದು ಇದರ ಮೂಲ ಕೆಲಸ. ಕ್ಲೋರಮೀನನ್ನು ಒಡೆಯುವುದು, ಅಮೋನಿಯವನ್ನು ಹಿಡಿದಿಡುವುದು, ತಾಮ್ರ ಸೀಸಗಳಂಥ ಲೋಹಗಳನ್ನು ಕಟ್ಟಿಹಾಕುವುದು, ಮೀನಿನ ಮೈಲೋಳೆಯನ್ನು ಕಾಯುವುದು ಮುಂತಾದವು ಆಮೇಲೆ ಒಂದೊಂದಾಗಿ ಸೇರಿಕೊಂಡವು. ಕಂಡಿಷನರ್ ಔಷಧಿಯಲ್ಲ, ಟಾನಿಕ್ ಕೂಡ ಅಲ್ಲ. ನೀರಿನಲ್ಲಿರುವ ಗೊತ್ತಾದ ಒಂದು ಪದಾರ್ಥದೊಡನೆ ಗೊತ್ತಾದ ಪ್ರಮಾಣದಲ್ಲಿ ವರ್ತಿಸಿ, ಅಲ್ಲಿಗೆ ತನ್ನ ಕೆಲಸ ಮುಗಿಸುವ ರಾಸಾಯನಿಕ ಅದು. ಆ ಪದಾರ್ಥವೇ ನೀರಿನಲ್ಲಿ ಇಲ್ಲವಾದರೆ ಕಂಡಿಷನರ್‌ಗೆ ಮಾಡಲು ಕೆಲಸವಿರುವುದಿಲ್ಲ. ಮೀನು ಸಾಕುವವರಲ್ಲಿ ಇದರ ಬಗ್ಗೆ ಇರುವ ಗೊಂದಲಗಳಲ್ಲಿ ಹೆಚ್ಚಿನವು ಈ ಸಂಗತಿಯನ್ನು ಮರೆಯುವುದರಿಂದ ಹುಟ್ಟಿದವು.

ನಲ್ಲಿನೀರಿನ ಕ್ಲೋರಿನ್

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಹೊತ್ತಿಗೆ ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯ ಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಬದುಕಿಸಿ ತೋರಿಸಿದ. ಅವನಿಗೆ ಕಂಡಿಷನರ್ ಬೇಕಾಗಿರಲಿಲ್ಲ. ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ರೂಢಿ ಇನ್ನೂ ಬಂದಿರಲಿಲ್ಲ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ವಿಷಮಶೀತ ಜ್ವರ ಹರಡಿದಾಗ ನೀರಿನ ಕೊಳವೆಗಳನ್ನು ಬ್ಲೀಚಿಂಗ್ ಪೌಡರಿನ ದ್ರಾವಣದಿಂದ ಶುದ್ಧಮಾಡಿದರು. 1908ರಲ್ಲಿ ವೈದ್ಯ ಜಾನ್ ಲೀಲ್ ಮತ್ತು ಎಂಜಿನಿಯರ್ ಜಾರ್ಜ್ ಫುಲ್ಲರ್ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಸತತವಾಗಿ ಕ್ಲೋರಿನ್ ಸೇರಿಸುವ ಏರ್ಪಾಡು ಮಾಡಿದರು. ಅಲ್ಲಿಂದ ಮುಂದೆ ಈ ಪದ್ಧತಿ ಊರೂರಿಗೆ ಹಬ್ಬಿ, ಕಾಲರಾ ಮತ್ತು ವಿಷಮಶೀತ ಜ್ವರಗಳನ್ನು ಹತೋಟಿಗೆ ತಂದಿತು. ಮೀನಿಗೆ ತೊಂದರೆ ಕೊಡುತ್ತದೆಂದು ಕ್ಲೋರಿನ್ನನ್ನು ಹಳಿಯುವವರು ಅದು ಉಳಿಸಿದ ಮನುಷ್ಯಜೀವಗಳನ್ನೂ ನೆನೆಯಬೇಕು.

ಭಾರತೀಯ ಮಾನಕ 10500ರ ಪ್ರಕಾರ ಕ್ಲೋರಿನ್ ಬೆರೆಸಿದ ನೀರು ಬಳಕೆದಾರರ ಮನೆ ತಲುಪುವಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವೈರಾಣುಗಳಿಂದ ರಕ್ಷಣೆ ಬೇಕಾದಾಗ ಕನಿಷ್ಠ 0.5 ಮಿಲಿಗ್ರಾಂ. ಸಿಹಿನೀರಿನ ಜಲಚರಗಳಿಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗೊತ್ತುಮಾಡಿರುವ ಮಿತಿ ಇದಕ್ಕಿಂತ ತೀರಾ ಕಡಿಮೆ: ಅಲ್ಪಕಾಲದ ಸಂಪರ್ಕಕ್ಕೆ ಲೀಟರಿಗೆ 0.019 ಮಿಲಿಗ್ರಾಂ, ದೀರ್ಘಕಾಲಕ್ಕೆ 0.011 ಮಿಲಿಗ್ರಾಂ. ಅಂದರೆ ಮನುಷ್ಯನ ಸುರಕ್ಷತೆಗೆ ಇರಲೇಬೇಕಾದ ಕನಿಷ್ಠ ಮಟ್ಟವು ಮೀನು ತಾಳಬಲ್ಲ ಮಟ್ಟದ ಹತ್ತು ಪಟ್ಟು.

ಒಂದೇ ನೀರು ನಮಗೆ ಹಿತವಾಗಿ ಮೀನಿಗೆ ವಿಷವಾಗುವುದಕ್ಕೆ ಕಾರಣ ಅದು ದೇಹವನ್ನು ಸೇರುವ ದಾರಿ. ನಾವು ಕುಡಿದ ನೀರಿನ ಕ್ಲೋರಿನ್ ಬಾಯಿ ಮತ್ತು ಜಠರದಲ್ಲಿರುವ ಸಾವಯವ ಪದಾರ್ಥಗಳೊಡನೆ ವರ್ತಿಸಿ ರಕ್ತ ಸೇರುವ ಮೊದಲೇ ಖರ್ಚಾಗುತ್ತದೆ. ಮೀನು ಉಸಿರಾಡುವುದೇ ನೀರನ್ನು. ಅದರ ಕಿವಿರಿನ ತೆಳುಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ರಕ್ತ. ನೀರಿನಲ್ಲಿ ಕರಗಿದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗಿ ಈ ಪೊರೆಯ ಪ್ರೋಟೀನುಗಳನ್ನು ಉತ್ಕರ್ಷಿಸಿ ಸುಡುತ್ತದೆ. ಕಿವಿರು ಊದಿಕೊಂಡು ಲೋಳೆ ಸುರಿಯುತ್ತದೆ. ನೀರಿನಲ್ಲಿ ಸಾಕಷ್ಟು ಆಮ್ಲಜನಕ ಇದ್ದರೂ ಒಳಗೆ ದಾಟುವುದಿಲ್ಲ. ನೀರು ಬದಲಿಸಿದ ಕೆಲವೇ ಹೊತ್ತಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುವುದು, ತೊಟ್ಟಿಯ ತುಂಬ ದಿಕ್ಕುಗೆಟ್ಟು ಓಡಾಡುವುದು, ಮೈಬಣ್ಣ ಕಂದುವುದು ಇದರ ಲಕ್ಷಣಗಳು. ಆಗ ತಡಮಾಡದೆ ಕಂಡಿಷನರ್ ಹಾಕಿ ಗಾಳಿಯ ಪಂಪು ಜೋರು ಮಾಡುವುದೊಂದೇ ದಾರಿ. ಸುಟ್ಟ ಕಿವಿರನ್ನು ಯಾವ ಕಂಡಿಷನರೂ ಸರಿಪಡಿಸಲಾರದು.

ಹೈಪೋ

ಅಗ್ಗದ ಬಾಟಲಿಯಿಂದ ದುಬಾರಿ ಬ್ರ್ಯಾಂಡಿನವರೆಗೆ ಹೆಚ್ಚಿನ ಕಂಡಿಷನರ್‌ಗಳ ಬೆನ್ನೆಲುಬು ಸೋಡಿಯಂ ಥಯೋಸಲ್ಫೇಟ್. ಕಲ್ಲುಸಕ್ಕರೆಯ ಹರಳಿನಂತೆ ಕಾಣುವ ಈ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಖಗೋಳಜ್ಞ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಮುಂದೆ ಫೋಟೊ ಮಾಸದಂತೆ ಭದ್ರಪಡಿಸಲು ಇದೇ ಬಳಕೆಗೆ ಬಂತು. ಡಿಜಿಟಲ್ ಕ್ಯಾಮೆರಾ ಬರುವ ಮುಂಚೆ ನಮ್ಮ ಊರುಗಳ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಹೈಪೋ ಎಂದು ಕರೆಯುತ್ತಿದ್ದುದು ಇದನ್ನೇ, ಮತ್ತು ಹಳೆಯ ಮೀನು ಸಾಕಣೆದಾರರು ಈಗಲೂ ಬಳಸುವುದು ಅದೇ ಹೆಸರು. ಕುಡಿಯುವ ನೀರಿನ ರೋಗಾಣು ಪರೀಕ್ಷೆಗೆ ಮಾದರಿ ಹಿಡಿಯುವ ಬಾಟಲಿಯಲ್ಲಿ ಮುಂಚೆಯೇ ಹಾಕಿಟ್ಟಿರುವುದೂ ಹೈಪೋವನ್ನೇ. ಪ್ರಯೋಗಾಲಯ ತಲುಪುವಷ್ಟರಲ್ಲಿ ಕ್ಲೋರಿನ್ ರೋಗಾಣುಗಳನ್ನು ಕೊಂದುಬಿಟ್ಟರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಇದರ ಕೆಲಸ ಸರಳ. ಕ್ಲೋರಿನ್ನಿನ ಕೇಡೆಲ್ಲ ಅದು ಎದುರಾದ ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವುದರಲ್ಲಿದೆ. ಥಯೋಸಲ್ಫೇಟ್ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎಲೆಕ್ಟ್ರಾನು ಪಡೆದ ಕ್ಲೋರಿನ್ ಕ್ಲೋರೈಡ್ ಆಗುತ್ತದೆ. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಅದು. ಥಯೋಸಲ್ಫೇಟ್ ತಾನು ಟೆಟ್ರಾಥಯೊನೇಟ್ ಅಥವಾ ಸಲ್ಫೇಟ್ ಆಗಿ ಬದಲಾಗುತ್ತದೆ. ಎರಡೂ ಈ ಪ್ರಮಾಣದಲ್ಲಿ ಮೀನಿಗೆ ಏನೂ ಮಾಡುವುದಿಲ್ಲ. ನೀರನ್ನು ಚೆನ್ನಾಗಿ ಕಲಕಿದರೆ ಕ್ರಿಯೆ ಮುಗಿಯಲು ಒಂದೆರಡು ನಿಮಿಷ ಸಾಕು.

ಪ್ರಮಾಣದ ಲೆಕ್ಕ ತಿಳಿದಿರುವುದು ಒಳ್ಳೆಯದು. ಕ್ರಿಯೆ ಟೆಟ್ರಾಥಯೊನೇಟ್ ಹಂತಕ್ಕೆ ನಿಂತರೆ 1 ಮಿಲಿಗ್ರಾಂ ಕ್ಲೋರಿನ್‌ಗೆ 7 ಮಿಲಿಗ್ರಾಂ ಹೈಪೋ ಹರಳು ಬೇಕು. ಸಲ್ಫೇಟಿನವರೆಗೆ ಹೋದರೆ 1 ಮಿಲಿಗ್ರಾಮಿಗಿಂತ ಕಡಿಮೆ ಸಾಕು. ವಾಸ್ತವದಲ್ಲಿ ಎರಡೂ ನಡೆಯುವುದರಿಂದ ಸುರಕ್ಷತೆಗೆ ಏಳರ ಲೆಕ್ಕವನ್ನೇ ಹಿಡಿಯುತ್ತಾರೆ. ಎಪ್ಪತ್ತು ಗ್ರಾಂ ಹರಳನ್ನು ಒಂದು ಲೀಟರ್ ದ್ರಾವಣವಾಗಿ ಮಾಡಿಟ್ಟುಕೊಂಡರೆ ಅದರ 1 ಮಿಲಿಲೀಟರ್, ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 10 ಲೀಟರ್ ನೀರನ್ನು ಸರಿಪಡಿಸುತ್ತದೆ. ಥಯೋಸಲ್ಫೇಟ್ ಮೀನಿಗೆ ಅತ್ಯಂತ ಕಡಿಮೆ ವಿಷಕಾರಿ. ಎರಡರಷ್ಟು ಬಿದ್ದರೂ ಅಪಾಯವಿಲ್ಲ. ಆದರೆ ದ್ರಾವಣ ಬೆಳಕಿಗೂ ಸೂಕ್ಷ್ಮಾಣುಗಳಿಗೂ ಸಿಕ್ಕಿ ಕಾಲಕ್ರಮದಲ್ಲಿ ಕೆಡುತ್ತದೆ. ತಳದಲ್ಲಿ ಹಳದಿಬಿಳಿಯ ಗಂಧಕ ಕೂತಿದ್ದರೆ ಆ ಬಾಟಲಿಯನ್ನು ಚೆಲ್ಲುವುದು ಸರಿ.

ಕೆಲವರು ಹೈಪೋ ಬದಲು ವಿಟಮಿನ್ ಸಿ ಬಳಸುತ್ತಾರೆ. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 2.5 ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲ ಸಾಕು. ನೀರು ತೀರ ಮೆದುವಾಗಿದ್ದರೆ ಅದು ಪಿಎಚ್ ಇಳಿಸುವುದರಿಂದ ಸೋಡಿಯಂ ಆಸ್ಕಾರ್ಬೇಟ್ ಮೇಲು.

ಬಕೆಟ್ಟಿನಲ್ಲಿ ನೀರು ಹಿಡಿದು ಒಂದು ದಿನ ತೆರೆದಿಡುವ ನಮ್ಮ ಹಳೆಯ ಪದ್ಧತಿಯೂ ಶಾಸ್ತ್ರಕ್ಕೆ ಒಪ್ಪುವಂಥದೇ. ಕ್ಲೋರಿನ್ ಗಾಳಿಗೆ ಹಾರಿಹೋಗುತ್ತದೆ, ಬಿಸಿಲು ಬಿದ್ದರೆ ಬೇಗ ಒಡೆಯುತ್ತದೆ, ಗಾಳಿಯ ಕಲ್ಲು ಹಾಕಿದರೆ ಇನ್ನೂ ಬೇಗ. ಅಗಲವಾದ ಬಾಯಿಯ ಪಾತ್ರೆ ಮೇಲು. ಮುಚ್ಚಿದ ಕ್ಯಾನಿನಲ್ಲಿಟ್ಟರೆ ಪ್ರಯೋಜನವಿಲ್ಲ. ನಗರಗಳಲ್ಲಿ ನೀರು ಸಂಪಿಗೆ ಬಿದ್ದು, ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿ ಬಿಸಿಲಿಗೆ ಕಾದು ನಲ್ಲಿಗೆ ಬರುವಷ್ಟರಲ್ಲಿ ಕ್ಲೋರಿನ್ ಬಹಳಷ್ಟು ಇಳಿದಿರುತ್ತದೆ. ವರ್ಷಗಟ್ಟಲೆ ಏನೂ ಹಾಕದೆ ಮೀನು ಸಾಕಿದ್ದೇವೆ ಎನ್ನುವವರ ಅನುಭವಕ್ಕೆ ಇದೇ ಕಾರಣ. ಅದೇ ಮನೆಯಲ್ಲಿ ಟ್ಯಾಂಕನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಮರುದಿನ ನೀರು ಬದಲಿಸಿದರೆ, ಅಥವಾ ಮಳೆಗಾಲದಲ್ಲಿ ಶುದ್ಧೀಕರಣ ಘಟಕ ಕ್ಲೋರಿನ್ ಹೆಚ್ಚಿಸಿದ ಹೊತ್ತಿನಲ್ಲಿ ಬದಲಿಸಿದರೆ, ಇಡೀ ತೊಟ್ಟಿ ಒಂದೇ ರಾತ್ರಿಗೆ ಖಾಲಿಯಾಗಬಹುದು.

ಕ್ಲೋರಮೀನ್ ಮತ್ತು ಅಮೋನಿಯ

ಕ್ಲೋರಿನ್ ನೀರಿನಲ್ಲಿರುವ ಸಾವಯವ ಕೊಳೆಯೊಡನೆ ಕೂಡಿ ಕ್ಲೋರೊಫಾರ್ಮ್ ಬಗೆಯ ಟ್ರೈಹ್ಯಾಲೊಮೀಥೇನುಗಳನ್ನು ಹುಟ್ಟಿಸುತ್ತದೆಂದು ರಾಟರ್‌ಡ್ಯಾಮಿನ ಯೊಹಾನೆಸ್ ರೂಕ್ 1974ರಲ್ಲಿ ತೋರಿಸಿದ. 1979ರಲ್ಲಿ ಅಮೆರಿಕ ಅವುಗಳಿಗೆ ಮಿತಿ ಹೇರಿದ ಮೇಲೆ ಅಲ್ಲಿನ ಅನೇಕ ನಗರಗಳು ಕ್ಲೋರಿನ್ ಜೊತೆಗೆ ಅಮೋನಿಯ ಸೇರಿಸಿ ಕ್ಲೋರಮೀನ್ ಮಾಡಿ ಬಳಸತೊಡಗಿದವು. ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಹಾಗೆ ಬದಲಾಯಿತು. ಕ್ಲೋರಮೀನ್ ಕ್ಲೋರಿನ್ನಿನಷ್ಟು ಚುರುಕಲ್ಲ, ಆದರೆ ಸುಲಭವಾಗಿ ಹಾರಿಹೋಗುವುದಿಲ್ಲ, ದಿನಗಟ್ಟಲೆ ಉಳಿಯುತ್ತದೆ. ಆ ನಗರದ ಸುತ್ತಲಿನ ಬೇ ಏರಿಯಾದಲ್ಲಿ ನೆಲೆಸಿ ಊರಿನ ರೂಢಿಯಂತೆ ರಾತ್ರಿ ನೀರು ಹಿಡಿದಿಟ್ಟು ಬೆಳಗ್ಗೆ ತೊಟ್ಟಿಗೆ ಸುರಿಯುವ ಕನ್ನಡಿಗರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕರ್ನಾಟಕದಲ್ಲಿ ಕ್ಲೋರಿನ್ ಅನಿಲ ಮತ್ತು ಬ್ಲೀಚಿಂಗ್ ಪೌಡರಿನ ಬಳಕೆಯೇ ರೂಢಿಯಾದರೂ, ಮೂಲದ ನೀರಿಗೆ ಚರಂಡಿಯ ಅಮೋನಿಯ ಸೇರಿದ್ದರೆ ಕ್ಲೋರಮೀನ್ ತಾನಾಗಿ ಹುಟ್ಟಿಕೊಳ್ಳುತ್ತದೆ.

ಕ್ಲೋರಮೀನ್ ಕಿವಿರನ್ನು ಸುಡುವುದಕ್ಕಷ್ಟೇ ನಿಲ್ಲುವುದಿಲ್ಲ. ಅದು ಪೊರೆ ದಾಟಿ ರಕ್ತಕ್ಕಿಳಿದು ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸುತ್ತದೆ. ಹಾಗಾದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಡಯಾಲಿಸಿಸ್ ಕೇಂದ್ರಗಳಲ್ಲಿ ನೀರಿನಿಂದ ಕ್ಲೋರಮೀನನ್ನು ಕಡ್ಡಾಯವಾಗಿ ತೆಗೆಯುವುದು ಇದೇ ಕಾರಣಕ್ಕೆ. ಅಲ್ಲಿ ಮನುಷ್ಯನ ರಕ್ತವೂ ತೆಳುಪೊರೆಯೊಂದರ ಆಚೆ ನೀರಿಗೆ ಮುಖಮಾಡಿ ನಿಂತಿರುತ್ತದೆ.

ಹೈಪೋ ಕ್ಲೋರಮೀನನ್ನೂ ಒಡೆಯುತ್ತದೆ, ಆದರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಕ್ಲೋರಿನ್ ಭಾಗ ಕ್ಲೋರೈಡ್ ಆಗುತ್ತದೆ, ಅಮೋನಿಯ ಬಿಡುಗಡೆಯಾಗಿ ನೀರಿನಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್‌ಗೆ ಸಮನಾದ ಕ್ಲೋರಮೀನ್ ಒಡೆದರೆ ಸುಮಾರು 0.4 ಮಿಲಿಗ್ರಾಂ ಅಮೋನಿಯ-ಸಾರಜನಕ ಬರುತ್ತದೆ. ಇದರಲ್ಲಿ ವಿಷವಾಗುವ ಪಾಲು ಎಷ್ಟೆಂಬುದನ್ನು ಪಿಎಚ್ ನಿರ್ಧರಿಸುತ್ತದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಕಿವಿರನ್ನು ಸುಲಭವಾಗಿ ದಾಟುವ ಅಮೋನಿಯ ಮತ್ತು ಅಷ್ಟಾಗಿ ದಾಟದ ಅಮೋನಿಯಂ ಅಯಾನು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ವಿಷರೂಪ ಶೇ 0.6ರಷ್ಟು, 8 ಇದ್ದರೆ ಶೇ 5ಕ್ಕೆ ಮೇಲೆ, 9ಕ್ಕೇರಿದರೆ ಶೇ 36. ಒಳನಾಡು ಮೀನುಗಾರಿಕೆಯ ಯುರೋಪಿಯನ್ ಸಲಹಾ ಆಯೋಗ ವಿಷರೂಪದ ಅಮೋನಿಯಕ್ಕೆ ಲೀಟರಿಗೆ 0.025 ಮಿಲಿಗ್ರಾಂ ಮಿತಿ ಹೇಳಿದೆ. ಮೇಲಿನ ಲೆಕ್ಕದ ನೀರು ಪಿಎಚ್ 8ರಲ್ಲಿ ಸರಿಸುಮಾರು ಈ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಹಳೆಯ, ಫಿಲ್ಟರ್ ಪಕ್ವವಾದ ತೊಟ್ಟಿಯಲ್ಲಿ ಕಾಲು ಭಾಗ ನೀರು ಬದಲಿಸುವವರಿಗೆ ಇದು ದೊಡ್ಡ ಸಮಸ್ಯೆಯಲ್ಲ. ಫಿಲ್ಟರಿನ ಬ್ಯಾಕ್ಟೀರಿಯ ಅದನ್ನು ತಿಂದು ಮುಗಿಸುತ್ತದೆ. ಹೊಸ ತೊಟ್ಟಿಗೆ ಇಷ್ಟೇ ಸಾಕು ಅನಾಹುತಕ್ಕೆ.

ಈ ಕೊರತೆ ತುಂಬಲು ಹುಟ್ಟಿದ್ದು ಅಮೋನಿಯ ಹಿಡಿಯುವ ಕಂಡಿಷನರ್‌ಗಳು. ಅಮೆರಿಕದ ಜಾನ್ ಕೂನ್ಸ್ 1987ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಹೈಡ್ರಾಕ್ಸಿಮೀಥೇನ್‌ಸಲ್ಫೊನೇಟ್ ಎಂಬ ಸಂಯುಕ್ತ ಬಳಕೆಯಾಗುತ್ತದೆ. ಅದು ಅಮೋನಿಯದೊಡನೆ ಕೂಡಿ ವಿಷವಲ್ಲದ ಅಮೈನೊಮೀಥೇನ್‌ಸಲ್ಫೊನೇಟ್ ಆಗುತ್ತದೆ. ಆಮ್‌ಕ್ವೆಲ್ ಎಂಬ ಹೆಸರಿನಲ್ಲಿ ಬಂದದ್ದು ಇದು. ಇನ್ನು ಕೆಲವು ತಯಾರಿಕೆಗಳಲ್ಲಿ ಡೈಥಯೊನೈಟ್ ಬಗೆಯ ಲವಣಗಳಿರುತ್ತವೆ. ನೂಲಿಗೆ ಬಣ್ಣ ಹಾಕುವವರು ಹೈಡ್ರೋಸ್ ಎನ್ನುವ ಪುಡಿಯ ವರ್ಗದವು. ಕ್ಲೋರಿನ್ ಕಳೆಯುವುದರಲ್ಲಿ ಇವು ಬಲು ಚುರುಕು. ಅಮೋನಿಯವನ್ನೂ ನಿರ್ವಿಷಗೊಳಿಸುತ್ತವೆ ಎಂಬ ಮಾತನ್ನು ಮಾತ್ರ ಎಲ್ಲರೂ ಒಪ್ಪಿಲ್ಲ. ರಾಸಾಯನಿಕವಾಗಿ ಅದು ಹೇಗೆ ಸಾಧ್ಯವೆಂದು ತಯಾರಕರು ಬಿಡಿಸಿ ಹೇಳುವವರೆಗೆ ಅಮೋನಿಯದ ವಿಷಯದಲ್ಲಿ ಅವನ್ನೇ ನೆಚ್ಚಿಕೊಳ್ಳದಿರುವುದು ವಿವೇಕ. ಇವು ನೀರಿನ ಆಮ್ಲಜನಕವನ್ನೂ ಕಬಳಿಸುವುದರಿಂದ ಅಳತೆ ಮೀರಿ ಸುರಿದು ಗಾಳಿ ಕೊಡದಿದ್ದರೆ ಮೀನು ಉಸಿರುಗಟ್ಟುತ್ತದೆ.

ಅಮೋನಿಯದ ಪರೀಕ್ಷೆಯಲ್ಲೂ ಒಂದು ತೊಡಕಿದೆ. ನೆಸ್ಲರ್ ದ್ರಾವಣದ ಕಿಟ್ ಈ ರಾಸಾಯನಿಕಗಳಿರುವ ನೀರಿನಲ್ಲಿ ತಪ್ಪು ಬಣ್ಣ ತೋರಿಸುತ್ತದೆ. ಸ್ಯಾಲಿಸಿಲೇಟ್ ಕಿಟ್ ಬಳಸಬೇಕು, ಅದು ಹಿಡಿದಿಟ್ಟ ಅಮೋನಿಯವನ್ನೂ ಸೇರಿಸಿ ಒಟ್ಟು ಮೊತ್ತ ತೋರಿಸಬಹುದೆಂಬುದು ನೆನಪಿರಬೇಕು.

ಲೋಹ, ಲೋಳೆ

ತಾಮ್ರದ ಕೊಳವೆ, ಸತುವು ಬಳಿದ ಕಬ್ಬಿಣದ ಪೈಪು, ಹಿತ್ತಾಳೆ ನಲ್ಲಿಗಳಿಂದ ನೀರಿಗೆ ಲೋಹದ ಅಂಶ ಸೇರುತ್ತದೆ. ಸಿಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ಕಡುವಿಷ. ಮೆದು ನೀರಿನಲ್ಲಿ ಅದರ ಉಗ್ರತೆ ಹೆಚ್ಚು. ಜರ್ಮನಿಯ ಫರ್ಡಿನಾಂಡ್ ಮ್ಯೂನ್ಸ್ 1935ರಲ್ಲಿ ತಯಾರಿಸಿದ ಇಡಿಟಿಎ ಲೋಹದ ಅಯಾನನ್ನು ಆರು ಕಡೆಗಳಿಂದ ಸುತ್ತಿ ಹಿಡಿಯುತ್ತದೆ. ಲೋಹ ನೀರಿನಲ್ಲೇ ಇರುತ್ತದೆ, ಕಿವಿರಿಗೆ ತಗಲುವುದಿಲ್ಲ. ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿರುವಾಗ ಇಡಿಟಿಎ ಇರುವ ಕಂಡಿಷನರ್ ಸೇರಿಸಿದರೆ ಔಷಧಿಯೂ ಕಟ್ಟಿಹೋಗುತ್ತದೆ.

ಲೋಳೆ ಕಾಯುವ ಅಂಶಗಳೆಂದರೆ ಸಾಮಾನ್ಯವಾಗಿ ಪಾಲಿವಿನೈಲ್‌ಪಿರೊಲಿಡೋನ್ ಮತ್ತು ಲೋಳೆಸರ. ಸಾಗಣೆಯಲ್ಲಿ, ಬಲೆಯಲ್ಲಿ ಮೈ ಉಜ್ಜಿ ಲೋಳೆ ಕಳೆದುಕೊಂಡ ಮೀನಿಗೆ ತಾತ್ಕಾಲಿಕ ಹೊದಿಕೆಯಾಗುತ್ತವೆ ಎಂಬುದು ವಾದ. ಇವುಗಳ ಪರ ಇರುವ ಆಧಾರ ಕ್ಲೋರಿನ್ ಕಳೆಯುವ ಗುಣಕ್ಕಿರುವಷ್ಟು ಗಟ್ಟಿಯಲ್ಲ. ಇದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಬೋರ್‌ವೆಲ್, ಬಾವಿ, ಆರ್‌ಒ ನೀರು

ಮಲೆನಾಡು ಮತ್ತು ಕರಾವಳಿಯ ತೆರೆದ ಬಾವಿಗಳ ನೀರಿನಲ್ಲಿ, ಬ್ಲೀಚಿಂಗ್ ಪೌಡರ್ ಹಾಕದಿದ್ದರೆ, ಕ್ಲೋರಿನ್ ಇರುವುದಿಲ್ಲ. ಅಲ್ಲಿ ಆ್ಯಂಟಿ-ಕ್ಲೋರಿನ್ ಹಾಕುವುದು ವ್ಯರ್ಥ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲೂ ಅದೇ ಮಾತು; ಅಲ್ಲಿನ ಸಮಸ್ಯೆಗಳೇ ಬೇರೆ. ಗಡಸುತನ ಹೆಚ್ಚು, ನೈಟ್ರೇಟ್ ಇರಬಹುದು, ಆಳದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಆಮ್ಲಜನಕ ಕಡಿಮೆ ಇರುತ್ತದೆ. ಒಂದು ದಿನ ಗಾಳಿಯಾಡಿಸಿದರೆ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ. ಗಡಸುತನವನ್ನಾಗಲಿ ನೈಟ್ರೇಟನ್ನಾಗಲಿ ಸಾಮಾನ್ಯ ಕಂಡಿಷನರ್ ಮುಟ್ಟುವುದಿಲ್ಲ. ಗಪ್ಪಿ, ಮೋಲಿ, ಆಫ್ರಿಕದ ಸಿಕ್ಲಿಡ್‌ಗಳು ಗಡಸು ನೀರಿನಲ್ಲಿ ಸುಖವಾಗಿರುತ್ತವೆ. ಡಿಸ್ಕಸ್ ಮತ್ತು ಹಲವು ಟೆಟ್ರಾಗಳಿಗೆ ಆರ್‌ಒ ನೀರು ಬೆರೆಸಿ ಮೆದು ಮಾಡಬೇಕು. ಬರೀ ಆರ್‌ಒ ನೀರಿನಲ್ಲಿ ಖನಿಜಾಂಶ ತೀರ ಕಡಿಮೆಯಾಗಿ ಪಿಎಚ್ ನಿಲ್ಲುವುದಿಲ್ಲ. ಟ್ಯಾಂಕರ್ ನೀರನ್ನು ನಂಬುವುದು ಕಷ್ಟ, ಒಂದು ಲೋಡಿನಂತೆ ಇನ್ನೊಂದಿರುವುದಿಲ್ಲ.

ಫೈಟರ್ ಮೀನು ಸಾಕುವವರು ಒಣಗಿದ ಕಾಡುಬಾದಾಮಿ ಎಲೆ ಹಾಕುವುದೂ ಒಂದು ಬಗೆಯ ನೀರಿನ ಹದಮಾಡುವಿಕೆಯೇ. ಎಲೆಯ ಟ್ಯಾನಿನ್‌ಗಳು ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿ, ಮೆದು ನೀರಿನಲ್ಲಿ ಪಿಎಚ್ಚನ್ನು ಸ್ವಲ್ಪ ಇಳಿಸುತ್ತವೆ. ಕ್ಲೋರಿನ್ ಕಳೆಯುವ ಹೊಣೆಯನ್ನು ಎಲೆಗೆ ಬಿಡುವಂತಿಲ್ಲ.

ಬಳಕೆ

ತೊಟ್ಟಿಯ ಉದ್ದ, ಅಗಲ, ನೀರಿನ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಯಲ್ಲಿ ನೀರು 30 ಸೆಂಟಿಮೀಟರ್ ಇದ್ದರೆ 54 ಲೀಟರ್. ಜಲ್ಲಿ, ಕಲ್ಲುಗಳ ಜಾಗ ಕಳೆದರೆ ಇನ್ನೂ ಕಡಿಮೆ. ಬಕೆಟ್ಟಿನಲ್ಲೇ ಕಂಡಿಷನರ್ ಬೆರೆಸಿ ಆಮೇಲೆ ಸುರಿಯುವುದಾದರೆ ಬಕೆಟ್ಟಿನ ನೀರಿಗೆ ತಕ್ಕಷ್ಟು ಸಾಕು. ಪೈಪಿನಿಂದ ನೇರ ತೊಟ್ಟಿಗೆ ತುಂಬುವವರು ಇಡೀ ತೊಟ್ಟಿಯ ಅಳತೆಗೆ ಮೊದಲೇ ಹಾಕಿಕೊಳ್ಳಬೇಕು. ಹೊಸ ನೀರು ಹಳೆಯದರಲ್ಲಿ ಬೆರೆತು ತಿಳಿಯಾಗುತ್ತದೆಂದು ಬಿಡುವಂತಿಲ್ಲ: ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ನಿನ 15 ಲೀಟರ್ ನೀರು 50 ಲೀಟರಿನ ತೊಟ್ಟಿಯನ್ನು ಮರಳಿ ತುಂಬಿದರೆ ಲೆಕ್ಕಕ್ಕೆ 0.15 ಮಿಲಿಗ್ರಾಂ ಆಗುತ್ತದೆ, ಮೀನಿನ ಮಿತಿಗಿಂತ ಅದು ಎಷ್ಟೋ ಹೆಚ್ಚು.

ಕಂಡಿಷನರ್ ಮೀನನ್ನಷ್ಟೇ ಕಾಯುವುದಿಲ್ಲ. ಫಿಲ್ಟರಿನಲ್ಲಿ ನೆಲೆಸಿ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ನೈಟ್ರೊಸೋಮೊನಾಸ್, ನೈಟ್ರೊಸ್ಪೈರಾ ಮುಂತಾದ ಬ್ಯಾಕ್ಟೀರಿಯಗಳನ್ನೂ ಕ್ಲೋರಿನ್ ಕೊಲ್ಲುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆಯುವ ಅಭ್ಯಾಸ ಎಷ್ಟೋ ತೊಟ್ಟಿಗಳನ್ನು ಹಾಳುಮಾಡಿದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಹಿಂಡಬೇಕು. ಮೀನುಗಳು ದಿನವೂ ಹೊರಬಿಡುವ ಅಮೋನಿಯವನ್ನು ನಿಭಾಯಿಸುವುದು ಈ ಬ್ಯಾಕ್ಟೀರಿಯಗಳೇ. ಬಾಟಲಿಯ ರಾಸಾಯನಿಕ ಆ ಕೆಲಸಕ್ಕೆ ಬದಲಿಯಾಗಲಾರದು.

ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಗ್ರಾಮ ಪಂಚಾಯಿತಿಯ ನೀರುಗಂಟಿಗಳು ಬಳಸುತ್ತ ಬಂದ ಕ್ಲೋರೊಸ್ಕೋಪಿನ ಆರ್ಥೊಟೊಲಿಡೀನ್ ದ್ರಾವಣ ಕ್ಲೋರಿನ್ ಇದ್ದರೆ ಹಳದಿಯಾಗುತ್ತದೆ. ಡಿಪಿಡಿ ಕಿಟ್ಟಿನಲ್ಲಿ ನೀರು ಗುಲಾಬಿಯಾಗುತ್ತದೆ. ಮೊದಲನೆಯದು ಆರೋಗ್ಯಕ್ಕೆ ಹಾನಿಕರವಾದ್ದರಿಂದ ಡಿಪಿಡಿ ಮೇಲು. ಪರೀಕ್ಷಿಸಿದ ನೀರನ್ನು ತೊಟ್ಟಿಗೆ ಸುರಿಯಬಾರದು.

ಮಾರುಕಟ್ಟೆಯಲ್ಲಿರುವ ಅನೇಕ ಬಾಟಲಿಗಳ ಮೇಲೆ ಒಳಗೇನಿದೆ, ಎಷ್ಟಿದೆ ಎಂಬುದು ಮುದ್ರಿತವಾಗಿರುವುದಿಲ್ಲ. ಹನಿಗಳ ಲೆಕ್ಕ ಮಾತ್ರ ಇರುತ್ತದೆ. ಕೊಳ್ಳುವವರು ಪದಾರ್ಥದ ಹೆಸರು ಮತ್ತು ಒಂದು ಮಿಲಿಲೀಟರ್ ಎಷ್ಟು ಕ್ಲೋರಿನ್ ಕಳೆಯುತ್ತದೆಂಬ ಅಂಕಿಯನ್ನು ಕೇಳಬೇಕು. ಅದು ತಿಳಿಯದ ಬಾಟಲಿಗಿಂತ, ರಾಸಾಯನಿಕಗಳ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಹೆಚ್ಚು ನಂಬಿಕೆಯದು.